ಸಹಿ ಬಂದರೆ ಸಾಕಾ?

ಜೂನ್, ಜುಲೈನಲ್ಲಿ ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ನಮ್ಮ ಕೇರಿಯ ಮೀನು ಮಾರುವ ಹೆಂಗಸರಿಗೆ ಸ್ವಲ್ಪ ಬಿಡುವು ಸಿಗುವುದು ಆಗಲೇ. ಮಳೆ ಹೊಯ್ಯುತ್ತಿದ್ದರೂ ಸಂಜೆ ನನ್ನ ಹೊಲಿಗೆ ಅಂಗಡಿಯ ಜಗುಲಿ ಅಕ್ಷರ ಕಲಿಯಲು ಬರುವವರಿಂದ ತುಂಬುತ್ತದೆ. ಆಗಸ್ಟ್ ಬಂತೆಂದರೆ ಅರ್ಧ ಖಾಲಿ. ಹೊಟ್ಟೆಪಾಡು ಅಲ್ವಾ, ಬೇಜಾರು ಮಾಡಿಕೊಂಡರೆ ಆಗುವುದಿಲ್ಲ.

ಬರುವವರಲ್ಲಿ ಕೆಲವರಿಗೆ ಸಹಿ ಮೊದಲೇ ಬರುತ್ತದೆ. ಬ್ಯಾಂಕಿನಲ್ಲಿ ನಾಲ್ಕು ಜನರೆದುರು "ಹೆಬ್ಬೆಟ್ಟಾ?" ಎಂದು ಕೇಳಿಸಿಕೊಳ್ಳುವುದು ಬೇಡವೆಂದು ಹೇಗೋ ಕಲಿತದ್ದು. ಆದರೆ ಅದೇ ಹೆಸರನ್ನು ನಾನು ಚೀಟಿಯಲ್ಲಿ ಬರೆದುಕೊಟ್ಟರೆ ಓದಲು ಬರುವುದಿಲ್ಲ. ಅದು ಬರಹವಲ್ಲ, ರಂಗೋಲಿ. ಜನಗಣತಿಯ ಪ್ರಕಾರವೂ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಲು, ಬರೆಯಲು ಬಂದರಷ್ಟೇ ಸಾಕ್ಷರರು. 2011ರಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ. 84 ಇತ್ತು. ಅದರೊಳಗೆ ಇಂಥ ರಂಗೋಲಿಗಳೆಷ್ಟೋ ಎಂಬ ಗುಮಾನಿ ನನಗೆ ಯಾವಾಗಲೂ ಇದೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ ಆಯಿತಲ್ಲ, ಮನೆಯವರ ಜೊತೆಗೇ ಹೋಗುತ್ತಿದ್ದವರು ಒಬ್ಬೊಬ್ಬರೇ ಹೊರಟರು. ಬಸ್ಸು ಹತ್ತಲು ಬೋರ್ಡು ಓದಬೇಕು. ಹಾಗಾಗಿ ನಾನು ಅ, ಆ ಬಿಟ್ಟು ಬೋರ್ಡಿನಿಂದಲೇ ಶುರುಮಾಡುತ್ತೇನೆ. ಕಾರವಾರ, ಕುಮಟಾ, ಕೈಗಾ ಮೂರನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯುತ್ತೇನೆ. ಮೂರರಲ್ಲೂ ಮೊದಲಿಗೆ ಕ. ಒಂದಕ್ಕೆ ಇಳಿ, ಒಂದಕ್ಕೆ ಕೊಂಬು, ಇನ್ನೊಂದಕ್ಕೆ ಐತ್ವ. ಕೊಂಬು ಕಂಡರೆ ಕುಮಟಾ ಬಸ್ಸು ಎಂದು ಮೊದಲು ಗುರುತು ಹಿಡಿಯುತ್ತಾರೆ. ಕಾಗುಣಿತ ಆಮೇಲೆ ತಾನಾಗಿ ಬರುತ್ತದೆ.

ಮನೆಮಾತು ಕೊಂಕಣಿ. ಅದಕ್ಕೇ ಬಾಂಗ್ಡೊ, ತಾರ್ಲೊ ಎಂದೂ ಕನ್ನಡ ಅಕ್ಷರದಲ್ಲಿ ಬರೆಸುತ್ತೇನೆ. ಅವರ ಮೀನು ಹಲಗೆಯ ಮೇಲೆ ಬಂದ ದಿನ ಜಗುಲಿಯಲ್ಲಿ ಭಾರೀ ಗಲಾಟೆ! ಈಗಿನ ಉಲ್ಲಾಸ್ ಯೋಜನೆಯಲ್ಲಿ 15 ವರ್ಷ ದಾಟಿದವರಿಗೆ ಅಕ್ಷರದ ಜೊತೆ ಹಣಕಾಸು, ಡಿಜಿಟಲ್ ವ್ಯವಹಾರವನ್ನೂ ಕಲಿಸಬೇಕು ಎಂದಿದೆ. ಒಳ್ಳೆಯದೇ. ಆದರೆ ಹಣದ ಲೆಕ್ಕವನ್ನು ಇವರಿಗೆ ನಾನು ಕಲಿಸುವುದೇ?

ಒಬ್ಬರು ಇತ್ತೀಚೆಗೆ ಉದ್ರಿ ಪುಸ್ತಕ ಇಟ್ಟಿದ್ದಾರೆ. ಯಾವ ಹೋಟೆಲಿನವರು ಎಷ್ಟು ಕೊಡಬೇಕು ಎಲ್ಲ ಅದರಲ್ಲಿದೆ. "ಹೊಟೆಲ"ಕ್ಕೆ ದೀರ್ಘವೇ ಇರಲಿಲ್ಲ. ತಿದ್ದಲು ಪೆನ್ನು ತೆಗೆದೆ.

"ಅಕ್ಷರ ಎಷ್ಟು ಬೇಕಾದ್ರೂ ತಿದ್ದಿ ಅಕ್ಕೋರೆ," ಎಂದರು, "ರೂಪಾಯಿ ಮಾತ್ರ ಮುಟ್ಟಬೇಡಿ."