ತಪ್ಪು ಕಂಬಳಿಯದೋ, ಕಂಬಳಿಯೊಳಗಿನದೋ?

ಜೂನ್‌ನಲ್ಲಿ ಮಳೆ ಹಿಡಿದು, ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಅಟ್ಟದ ಮೇಲಿನ ಹೊದಿಕೆಗಳು ಕೆಳಗಿಳಿದ ವಾರವೇ ಸೀನು, ನವೆ ಶುರುವಾಗುತ್ತವೆ. ಎಲ್ಲರೂ ಬಯ್ಯುವುದು ಕಂಬಳಿಯನ್ನು. ಆದರೆ ಉಣ್ಣೆಗೇ ಅಲರ್ಜಿ ಇರುವವರು ಅಪರೂಪ. ಕಂಬಳಿಗೆ ಬಳಸುವ ದಖನಿ ಕುರಿಯ ಉಣ್ಣೆ ಒರಟು. 30 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದೊಂದು ಪಾಲು) ದಪ್ಪದ ಎಳೆ ಮೈಗೆ ಒತ್ತಿದಾಗ ಬಾಗದೆ ಚುಚ್ಚುತ್ತದೆ. ನಡುವೆ ಹತ್ತಿಯ ದುಪ್ಪಟಿ ಹೊದ್ದ ಕೂಡಲೇ ತುರಿಕೆ ನಿಂತರೆ ಅದು ಬರೀ ಚುಚ್ಚಾಟ, ಅಲರ್ಜಿಯಲ್ಲ.

ನಿಲ್ಲದಿದ್ದರೆ ಬಟ್ಟೆಗಿಂತ ಮೊದಲು ಗಡಿಯಾರ ನೋಡಿ. ಮಲಗಿದ ಸ್ವಲ್ಪ ಹೊತ್ತಿಗೇ ಸೀನು, ಕಣ್ಣುರಿ ಬಂದು, ಬೆಳಿಗ್ಗೆ ಮೂಗು ಕಟ್ಟಿದ್ದರೆ ಧೂಳುಹುಳ ಅಥವಾ ಬೂಷ್ಟಿನ ಮೇಲೆ ಅನುಮಾನ. ಹೊದ್ದು ಒಂದೆರಡು ದಿನ ಕಳೆದ ಮೇಲೆ ಕುತ್ತಿಗೆ, ಕಂಕುಳಿನ ಅಂಚು, ತೊಡೆಯ ಒಳಭಾಗದಲ್ಲಿ ದದ್ದು ಎದ್ದರೆ ಬಣ್ಣ ಅಥವಾ ಸುಕ್ಕಾಗದಂತೆ ಕೊಟ್ಟ ರಾಸಾಯನಿಕದ ಮೇಲೆ. ಗಾಢ ನೀಲಿ, ಕಪ್ಪು ಪಾಲಿಯೆಸ್ಟರ್ ಬಟ್ಟೆಗೆ ಹಾಕುವ ಡಿಸ್ಪರ್ಸ್ ಬಣ್ಣಗಳು ಇದಕ್ಕೆ ಕುಖ್ಯಾತ. ಹೊದಿಕೆಯ ಹೊರಗಿದ್ದ ಕೈಕಾಲಿನ ಮೇಲೆ ಸಾಲಾಗಿ ಗಂಟು ಎದ್ದಿದ್ದರೆ ಅಲರ್ಜಿ ಬಿಡಿ, ಮಂಚದ ಸಂದಿನಲ್ಲಿ ತಿಗಣೆ ಹುಡುಕಿ.

ಮಲೆನಾಡಿನ ಮಳೆಗಾಲ ಧೂಳುಹುಳಕ್ಕೆ ಹಬ್ಬ. ಕಾಲು ಮಿಲಿಮೀಟರ್ ಆಸುಪಾಸಿನ ಈ ಹುಳ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ, ತೇವಾಂಶ ಶೇ. 50ಕ್ಕಿಂತ ಕೆಳಗೇ ಉಳಿದರೆ ಒಣಗಿ ಸಾಯುತ್ತದೆ. ನಮಗೆ ಆಗದಿರುವುದು ಮುಖ್ಯವಾಗಿ ಅದರ ಹಿಕ್ಕೆ. ಆದ್ದರಿಂದ ಹುಳ ಸತ್ತರಷ್ಟೇ ಸಾಲದು, ಹಿಕ್ಕೆ ತೊಳೆದು ಹೋಗಬೇಕು. ಇನ್ನು ಕೈಮಗ್ಗದ ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ. ಆ ಗಂಜಿ ತೇವದಲ್ಲಿ ಬೂಷ್ಟಿಗೆ ಊಟ. ಮಡಿಕೆ ಬಿಚ್ಚಿದಾಗ ಮುಗ್ಗಲು ವಾಸನೆ ಬಂದರೆ ಅದನ್ನು ಒಣಗಿಸದೆ ಹೊದೆಯಲೇಬೇಡಿ.

ಮನೆಯಲ್ಲಿ ಪತ್ತೆಗೆ ಒಂದೇ ದಾರಿ: ಎಲ್ಲವನ್ನೂ ತೆಗೆದು, ಒಂದೊಂದನ್ನೇ ಹಿಂದಕ್ಕೆ ತರುವುದು. ಹತ್ತಾರು ಸಲ ಒಗೆದ ಬಿಳಿ ಹತ್ತಿಯ ದುಪ್ಪಟಿ ಎರಡು, ಒಗೆದ ದಿಂಬಿನ ಚೀಲ, ಇಷ್ಟರಲ್ಲೇ ಎರಡು ವಾರ ಮಲಗಿ. ದದ್ದು ಆರಲು ಇನ್ನೊಂದು ವಾರ ಬೇಕಾಗಬಹುದು. ಪೂರ್ತಿ ಆರಿದ ಮೇಲೆ ಒಂದು ಹೊದಿಕೆ, ಐದು ರಾತ್ರಿ. ಮೂರೇ ರಾತ್ರಿಗೆ ನಿಲ್ಲಿಸಿದರೆ ತಡವಾಗಿ ಏಳುವ ದದ್ದು ಕೈತಪ್ಪುತ್ತದೆ. ಆ ಅವಧಿಯಲ್ಲಿ ಸೋಪು, ಎಣ್ಣೆ, ಬಟ್ಟೆ ಪುಡಿ ಯಾವುದನ್ನೂ ಬದಲಿಸಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ದಿನಾಂಕ, ಹೊದಿಕೆ, ದದ್ದಿನ ಜಾಗ ಕ್ಯಾಲೆಂಡರಿನಲ್ಲೇ ಗೀಚಿಡಿ.

ಹುಳ ಸಾಯಲು ಹತ್ತಿಯ ಹೊದಿಕೆಗೆ 60 ಡಿಗ್ರಿ ನೀರು ಬೇಕು. ಕುದಿಯುವ ನೀರು ಮೂರು ಬಿಂದಿಗೆ, ತಣ್ಣೀರು ಎರಡು ಬಿಂದಿಗೆ ಬೆರೆಸಿದರೆ 65ರ ಹತ್ತಿರ ಬರುತ್ತದೆ, ಬಟ್ಟೆ ಮುಳುಗಿದಾಗ ಇನ್ನೂ ಇಳಿಯುತ್ತದೆ. ಹಾಗಾಗಿ ಮುಚ್ಚಿಡಿ, ಕೋಲಿನಿಂದ ತಿರುವಿ, ಕೈ ಹಾಕಬೇಡಿ. ಪುಡಿ ಅರ್ಧಕ್ಕಿಳಿಸಿ, ಜಾಲಿಸುವುದನ್ನು ಒಂದು ಸಲ ಹೆಚ್ಚಿಸಿ, ಏಕೆಂದರೆ ಉಳಿದ ಪುಡಿಯೂ ನವೆ ತರುತ್ತದೆ. ಕಂಬಳಿಗೆ ಬಿಸಿನೀರು ಹಾಕಿದರೆ ಕುಗ್ಗಿ ಗಟ್ಟಿಯಾಗುತ್ತದೆ. ತಣ್ಣೀರೇ ಸಾಕು, ಹಿಕ್ಕೆ ಬಹುಪಾಲು ಅದರಲ್ಲೇ ಹೋಗುತ್ತದೆ. ಮಗುವಿನ ಉಣ್ಣೆ ಹೊದಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಎರಡು ದಿನ ಇಟ್ಟರೆ ಹುಳ ಸಾಯುತ್ತದೆ, ಆಮೇಲೆ ತೊಳೆಯಿರಿ.

ನುಸಿ ಗುಳಿಗೆಯ ಜೊತೆ ಇಟ್ಟ ಹೊದಿಕೆಯನ್ನು ಎಳೆಗೂಸಿಗೆ ಹೊದಿಸಲೇಬಾರದು. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಹುಟ್ಟಿನಿಂದಲೇ ಕಡಿಮೆಯಿರುವ ಮಗುವಿನಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ.

ಮಳೆಗಾಲದಲ್ಲಿ ಸುಮ್ಮನಿದ್ದು ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸೀನು ಬಂದರೆ? ಹಾಸಿಗೆಯ ಪಕ್ಕ ಕಾಫಿ ಮೂಟೆ ಪೇರಿಸಿದ್ದೀರಾ ನೋಡಿ. ಹಸಿ ಕಾಫಿ ಬೀಜದ ಧೂಳೂ ಅಲರ್ಜಿ ತರುತ್ತದೆ, ಹೊದಿಕೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.

ಉಬ್ಬಸ, ತುಟಿ ಅಥವಾ ಮುಖದ ಊತ ಬಂದರೆ ಪ್ರಯೋಗ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಬರೀ ದದ್ದಾದರೆ ಚರ್ಮವೈದ್ಯರ ಬಳಿ ಹೋಗುವಾಗ ಹೊದಿಕೆಯ ಅಂಚಿನಿಂದ ಎರಡು ಬೆರಳಗಲದ ಚೂರು ಕತ್ತರಿಸಿ ಒಯ್ಯಿರಿ. ಪ್ಯಾಚ್ ಪರೀಕ್ಷೆಯಲ್ಲಿ ಅದನ್ನೇ ಬೆನ್ನಿಗೆ ಅಂಟಿಸಿ ನೋಡಲು ಬರುತ್ತದೆ. ಪಟ್ಟಿ 48 ಗಂಟೆ ಬೆನ್ನ ಮೇಲಿರಬೇಕು, ವೈದ್ಯರು ಕೊನೆಯ ಸಲ ನೋಡಿ ಮುಗಿಸುವವರೆಗೆ ಬೆನ್ನಿಗೆ ನೀರು ಸೋಕಬಾರದು.