ಹಗೇವಿಗೆ ಮೊದಲು ದೀಪ ಇಳಿಸಬೇಕು

ಕಳೆದ ವರ್ಷ ನಮ್ಮ ಕಚೇರಿಯ ಸಾಹೇಬರೊಬ್ಬರ ಬೀಳ್ಕೊಡುಗೆಗೆಂದು ನಾನು ಬರೆದುಕೊಂಡು ಹೋದ ಒಂದು ಪುಟದ ಭಾಷಣದಲ್ಲಿ ‘ಅದ್ಭುತ’ ಎಂಬ ಪದ ಐದು ಸಲ ಬಂದಿತ್ತು. ಓದಿ ಕುಳಿತ ಮೇಲೆ ಪಕ್ಕದಲ್ಲಿದ್ದ ಹಿರಿಯರು, “ಸಾಹೇಬ್ರ ಸ್ವಭಾವಾನೂ ಅದ್ಭುತ, ಸಹೀನೂ ಅದ್ಭುತ ಏನ್ರೀ?” ಎಂದು ನಕ್ಕರು. ಮನೆಗೆ ಬಂದವನೇ ನಿಘಂಟು ತೆರೆದು ಅನುಪಮ, ಅಸದೃಶ, ಅಪ್ರತಿಮ ಎಂದು ಪಟ್ಟಿ ಮಾಡಿದೆ. ಮುಂದಿನ ಸಮಾರಂಭದಲ್ಲಿ ಅವನ್ನೆಲ್ಲ ಬಳಸಿದಾಗ ನನ್ನ ಮಾತು ಬಾಡಿಗೆಯ ಕೋಟು ತೊಟ್ಟ ಮದುಮಗನಂತೆ ಬಿಗಿದುಕೊಂಡು ನಿಂತಿತು.

ತಪ್ಪು ನಿಘಂಟಿನದಲ್ಲ. 1894ರಲ್ಲಿ ಹೊರಬಂದ ಕಿಟೆಲ್ ಅವರ ನಿಘಂಟಿನಲ್ಲಿ ಎಷ್ಟೋ ಪದಗಳ ಜೊತೆಗೆ ಅವು ಬಳಕೆಯಾದ ಕಾವ್ಯದ ಸಾಲೋ ಗಾದೆಯೋ ಇರುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟೂ ಪ್ರಯೋಗಗಳ ಸಮೇತವೇ ಪದವನ್ನು ಪರಿಚಯಿಸುತ್ತದೆ. ನಾನು ಅರ್ಥವನ್ನಷ್ಟೇ ಕಿತ್ತುಕೊಂಡು ಪ್ರಯೋಗವನ್ನು ಅಲ್ಲಿಯೇ ಬಿಟ್ಟು ಬಂದಿದ್ದೆ.

ಆಮೇಲೆ ಕೈಗೆ ಬಂದದ್ದು ‘ಗರತಿಯ ಹಾಡು’. ನಮ್ಮ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು, ಹೆಣ್ಣುಮಕ್ಕಳ ಬಾಯಿಂದ ಕೇಳಿ ಕೂಡಿಹಾಕಿದ ಹಾಡುಗಳು 1931ರಲ್ಲಿ ಈ ಹೆಸರಿನಿಂದ ಅಚ್ಚಾದವು. ಬೀಸುಕಲ್ಲಿನ ಮುಂದೆ ಕುಳಿತವಳು ತವರು, ಅಣ್ಣ, ತೊಟ್ಟಿಲು, ಹೊಲ ಎಲ್ಲವನ್ನೂ ಮೂರು ಸಾಲಿನಲ್ಲಿ ಹಿಡಿಸಬೇಕಾಗಿದ್ದುದರಿಂದ ಅಲ್ಲಿ ದಂಡಕ್ಕೆ ಬಂದು ಕುಳಿತ ಪದ ಸಿಗುವುದು ಕಷ್ಟ. ಹೊಗಳಬೇಕಾದರೂ ಆಕೆ ಹೊಗಳಿಕೆಯ ಪದ ಹುಡುಕುವುದಿಲ್ಲ. ಕಣ್ಣೆದುರಿನ ವಸ್ತುವೊಂದನ್ನು ತಂದು ಪಕ್ಕಕ್ಕಿಡುತ್ತಾಳೆ.

ವಚನಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆನಾದರೂ ಪದಗಳಿಗಾಗಿ ಓದಿರಲಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸದಿದ್ದರೆ ಆ ಪಾಠವೂ ನಮಗೆ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ಅಂಬಿಗ, ಹಗ್ಗ ಹೊಸೆಯುವವ, ಕಟ್ಟಿಗೆ ಮಾರುವವ, ಅಕ್ಕಿ ಆಯುವವಳು, ಹೀಗೆ ಕಾಯಕಕ್ಕೊಬ್ಬರು ಬರೆದದ್ದರಿಂದ ಒಂದೊಂದು ಕಸುಬಿನ ಮಾತೂ ಅಲ್ಲಿ ಉಳಿದುಕೊಂಡಿದೆ. (ಅಂಬಿಗರ ಚೌಡಯ್ಯನನ್ನು ಓದಿದ ಮೇಲೆ ನಮ್ಮ ಈಗಿನ ಬೈಗುಳಗಳು ಎಷ್ಟು ಸಪ್ಪೆ ಎಂಬುದೂ ತಿಳಿಯುತ್ತದೆ.)

ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರ ‘ಕರಿಮಾಯಿ’ ಕಾದಂಬರಿಯನ್ನು ಮಾತ್ರ ಗಟ್ಟಿಯಾಗಿ ಓದಬೇಕು. ಕಣ್ಣಿಗೆ ಅಪರಿಚಿತವೆನಿಸಿದ ಪದವನ್ನು ಕಿವಿ ಕೂಡಲೇ ಗುರುತಿಸುತ್ತದೆ.

ಈಗ ನಾನು ವಹಿಯಲ್ಲಿ ಪದದ ಅರ್ಥ ಬರೆದುಕೊಳ್ಳುವುದನ್ನು ಬಿಟ್ಟು, ಅದು ಬಂದ ವಾಕ್ಯವನ್ನು ಬರೆದುಕೊಳ್ಳುತ್ತೇನೆ. ಕೆಳಗೆ ಅರ್ಧ ಪುಟ ಖಾಲಿ ಬಿಟ್ಟು ಅವ್ವನ ಹತ್ತಿರ ಹೋಗುತ್ತೇನೆ. ಹೋದ ತಿಂಗಳು ‘ಹಗೇವು’ ಎಂಬ ಪದ ಸಿಕ್ಕಿತು. ನೆಲದೊಳಗೆ ಜೋಳ ತುಂಬಿಡುವ ಕುಣಿ ಎಂಬಷ್ಟು ನನಗೂ ಗೊತ್ತಿತ್ತು. ಅವ್ವ ಹೆರೆಯುತ್ತಿದ್ದ ಸೌತೆಕಾಯಿಯನ್ನು ಕೆಳಗಿಟ್ಟಳು.

“ತೆಗದ ಕೂಡ್ಲೆ ಹಗೇದಾಗ ಇಳಿಬಾರದಪಾ. ಬಾಯಿ ತೆಗದು ಗಾಳಿ ಆಡಾಕ ಬಿಡಬೇಕು. ಆಮ್ಯಾಲ ಹಗ್ಗಕ್ಕ ದೀಪಾ ಕಟ್ಟಿ ಇಳಸಬೇಕು. ದೀಪಾ ಆರಿತಂದ್ರ ಮನಶಾ ಇಳಿಯೂಹಂಗಿಲ್ಲ.”

ಒಳಗೆ ಕೂಡಿಕೊಂಡ ಕೆಟ್ಟ ಗಾಳಿ ಉಸಿರು ಕಟ್ಟಿಸುತ್ತದೆ ಎಂಬುದನ್ನು ಆಕೆ ಹೇಳಿದ್ದು ಹೀಗೆ. ತಳದ ಜೋಳಕ್ಕೆ ಹಿಡಿಯುವ ಮುಗ್ಗಲು ವಾಸನೆ, ಅದರ ರೊಟ್ಟಿಯನ್ನು ಮಕ್ಕಳು ದೂರ ಸರಿಸುತ್ತಿದ್ದುದು, ಸುತ್ತ ಹಾಸುತ್ತಿದ್ದ ಹುಲ್ಲು, ಎಲ್ಲವೂ ಒಂದರ ಹಿಂದೊಂದು ಬಂದವು. ಖಾಲಿ ಬಿಟ್ಟ ಅರ್ಧ ಪುಟ ಸಾಲದೆ ಹಿಂಬದಿಗೂ ಬರೆದೆ. ಬಾಯಿಗೆ ಮುಚ್ಚುತ್ತಿದ್ದ ಹಾಸುಗಲ್ಲಿಗೂ ಒಂದು ಹೆಸರಿತ್ತಂತೆ. ಅದೊಂದು ಅವ್ವನಿಗೆ ನೆನಪಾಗಲಿಲ್ಲ. ಅಮಾವಾಸ್ಯೆಗೆ ದೊಡ್ಡವ್ವ ಬರುತ್ತಾಳೆ, ಕೇಳೋಣ ಎಂದಿದ್ದಾಳೆ. ವಹಿಯಲ್ಲಿ ಆ ಒಂದು ಸಾಲನ್ನು ಹಾಗೆಯೇ ಬಿಟ್ಟಿದ್ದೇನೆ.