ಮಡಿಕೇರಿಯ ಮಳೆಯನ್ನು ಸಮುದ್ರದಲ್ಲಿ ಹುಡುಕಿದ ಅಲ್ಪವಿರಾಮ

ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬಿತ್ತು ಎಂಬ ಲೆಕ್ಕ ಕೊಡಗಿನ ಕಾಫಿ ಬೆಳೆಗಾರರಿಗೆ ಮುಂದಿನ ಫಸಲಿನ ಮೊದಲ ಸುಳಿವು. ನಮ್ಮ ಮನೆಯವರಿಗಾಗಿ ನಾನು ಬರೆದ ಪುಟ್ಟ ವೆಬ್ ಆ್ಯಪ್, ತೋಟದ ಅಕ್ಷಾಂಶ ರೇಖಾಂಶಗಳನ್ನು ಸರ್ವರ್‌ಗೆ ಕಳುಹಿಸಿ ಮಳೆಯ ಮುನ್ಸೂಚನೆಯನ್ನು ತರುತ್ತದೆ. ಜರ್ಮನಿಯಲ್ಲಿರುವ ಅಣ್ಣ ಅದನ್ನು ತೆರೆದಾಗ, ಮಡಿಕೇರಿಯಲ್ಲಿ ನಮಗೆ ಕಾಣುತ್ತಿದ್ದ ಮಳೆ ಅವನಿಗೆ ಕಾಣಲಿಲ್ಲ. ದೋಷದ ಸಂದೇಶವೂ ಬಂದಿರಲಿಲ್ಲ. ಸರ್ವರ್ 200, ಅಂದರೆ ಎಲ್ಲವೂ ಸರಿ, ಎಂದೇ ಉತ್ತರಿಸಿತ್ತು.

ಕಾರಣ ತಿಳಿಯಲು ಎರಡು ಸಂಜೆ ಹಿಡಿಯಿತು. ತೆರೆಯ ಮೇಲೆ ಅಂಕಿಗಳು ಓದಲು ಚೆನ್ನಾಗಿರಲೆಂದು ಬಳಸಿದ್ದ ಟೊಲೊಕೇಲ್‌ಸ್ಟ್ರಿಂಗ್‌ನ (ಸಂಖ್ಯೆಯನ್ನು ಬಳಕೆದಾರರ ಭಾಷೆಯ ರೂಢಿಯಂತೆ ಬರೆಯುವ ಜಾವಾಸ್ಕ್ರಿಪ್ಟ್ ಆಜ್ಞೆ) ಫಲಿತವನ್ನೇ ನಾನು ಎಪಿಐ ರಿಕ್ವೆಸ್ಟ್‌ಗೂ, ಅಂದರೆ ಸರ್ವರ್‌ಗೆ ಕಳುಹಿಸುವ ಕೋರಿಕೆಗೂ, ಸೇರಿಸಿದ್ದೆ. ಜರ್ಮನ್ ರೂಢಿಯಲ್ಲಿ ದಶಮಾಂಶ ಬಿಂದುವಿನ ಜಾಗದಲ್ಲಿ ಅಲ್ಪವಿರಾಮ ಬರುವುದರಿಂದ ಅಣ್ಣನ ಬ್ರೌಸರ್ 12.42 ಮತ್ತು 75.74 ಎಂಬುವನ್ನು 12,42 ಮತ್ತು 75,74 ಎಂದು ಬರೆದು ಕಳುಹಿಸಿತು. ಪಠ್ಯವನ್ನು ಸಂಖ್ಯೆಯಾಗಿ ಓದುವ, ಸರ್ವರ್‌ನಲ್ಲಿದ್ದ ಪಾರ್ಸ್‌ಫ್ಲೋಟ್ ಎಂಬ ಆಜ್ಞೆ ಅಲ್ಪವಿರಾಮ ಸಿಕ್ಕಲ್ಲಿಗೆ ಓದು ನಿಲ್ಲಿಸಿ ಅವನ್ನು 12, 75 ಎಂದು ತೆಗೆದುಕೊಂಡಿತು. ಆ ಬಿಂದು ಮಡಿಕೇರಿಯಿಂದ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನೀರಿನ ಮೇಲಿದೆ.

ಮೊದಲು ಸರ್ವರನ್ನು ಬಿಗಿ ಮಾಡಿದೆ: ಋಣ ಚಿಹ್ನೆ, 0ರಿಂದ 9ರವರೆಗಿನ ಅಂಕಿಗಳು, ಒಂದೇ ಒಂದು ಬಿಂದು, ಇವುಗಳ ಹೊರತು ಬೇರೇನು ಬಂದರೂ 400, ಅಂದರೆ ಕೋರಿಕೆಯೇ ತಪ್ಪು ಎಂಬ ಉತ್ತರ. ಕನ್ನಡ ಅಂಕಿಗಳಲ್ಲಿ ೧೨.೪೨ ಎಂದು ಬಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಫ್ಲೋಟ್ ಆಜ್ಞೆ ಅದನ್ನು ಸರಿಯಾಗಿ ಓದುತ್ತದೆ, ಜಾವಾಸ್ಕ್ರಿಪ್ಟ್ ಓದುವುದಿಲ್ಲ. ಆದ್ದರಿಂದ ಈ ತೀರ್ಮಾನವನ್ನು ಪ್ರೋಗ್ರಾಮಿಂಗ್ ಭಾಷೆಯ ಇಷ್ಟಕ್ಕೆ ಬಿಡಬಾರದೆಂಬುದು ನನ್ನ ಅಭಿಪ್ರಾಯ.

ಆದರೆ ಇಷ್ಟರಿಂದ ಕೆಲಸ ಮುಗಿಯಲಿಲ್ಲ. ಅದೇ ಆ್ಯಪ್‌ನಲ್ಲಿ ಕಾಫಿಯ ತೂಕವನ್ನೂ ಬರೆದಿಡುತ್ತೇವೆ. 1250 ಕಿಲೋ ಎಂಬುದು ನಮ್ಮ ಬ್ರೌಸರ್‌ನಲ್ಲಿ 1,250 ಆಗಿ ಹೋದರೆ ಹೊಸ ತಪಾಸಣೆ ಅದನ್ನು ತಡೆಯುತ್ತದೆ. ಜರ್ಮನ್ ಬ್ರೌಸರ್‌ನಲ್ಲಿ ಅದು 1.250 ಆಗಿ ಹೋದರೆ ತಡೆಯಲು ಯಾವ ಆಧಾರವೂ ಇಲ್ಲ, ಏಕೆಂದರೆ ನೋಡಲು ಅದು ಶುದ್ಧವಾದ ಒಂದೂಕಾಲು ಕಿಲೋ. ಹಾಗಾಗಿ ದೋಷವನ್ನು ಹುಟ್ಟಿದಲ್ಲೇ ಸರಿಪಡಿಸಬೇಕಾಯಿತು. ಈಗ ಸಂಖ್ಯೆ ಕೊನೆಯವರೆಗೂ ಸಂಖ್ಯೆಯಾಗಿಯೇ ಉಳಿಯುತ್ತದೆ, ರಿಕ್ವೆಸ್ಟ್ ಕಟ್ಟುವ ಒಂದೇ ಕಡೆ, ದಶಮಾಂಶ ಸ್ಥಾನಗಳನ್ನು ನಿಗದಿ ಮಾಡುವ ಟುಫಿಕ್ಸ್ಡ್ ಆಜ್ಞೆಯ ಮೂಲಕ ಪಠ್ಯವಾಗುತ್ತದೆ. ಬಳಕೆದಾರರ ಭಾಷೆ ಯಾವುದಿದ್ದರೂ ಟುಫಿಕ್ಸ್ಡ್ ಬಿಂದುವನ್ನೇ ಬಳಸುತ್ತದೆ. ಅತಿ ಸಣ್ಣ ಸಂಖ್ಯೆಗಳು 5e-7 (ಅಂದರೆ 0.0000005) ಎಂಬ ರೂಪ ತಾಳುವುದನ್ನೂ ತಪ್ಪಿಸುತ್ತದೆ. ಅಕ್ಷಾಂಶಕ್ಕೆ 4 ದಶಮಾಂಶ ಸ್ಥಾನ ಇಟ್ಟಿದ್ದೇನೆ. ಅದು ಸುಮಾರು 11 ಮೀಟರ್‌ನಷ್ಟು ನಿಖರ, ತೋಟಕ್ಕೆ ಧಾರಾಳವಾಗಿ ಸಾಕು.

ಅಣ್ಣ ಅಲ್ಲಿಂದಲೇ ನಮೂದಿಸಿದ್ದ ಹಳೆಯ ತೂಕಗಳನ್ನು ಅಪ್ಪನ ಕೈಬರಹದ ಲೆಕ್ಕದ ಪುಸ್ತಕದೊಂದಿಗೆ ಒಂದೊಂದಾಗಿ ತಾಳೆ ನೋಡುತ್ತಿದ್ದೇನೆ. ಇನ್ನೂ ಮೂರು ಪುಟಗಳು ಉಳಿದಿವೆ.